ಹೊಂಡಾ: ಲ್ಯಾಸೊ ಹಗ್ಗದ ಕಣ್ಣು

ಕೌಬಾಯ್ ಸಿನಿಮಾಗಳಲ್ಲಿ ಕುದುರೆ ಸವಾರನ ತಲೆಯ ಮೇಲೆ ಗಿರಗಿರನೆ ಸುತ್ತುವ ಹಗ್ಗವನ್ನು ನೋಡದವರು ಕಡಿಮೆ. ಅದು ಗಾಳಿಯಲ್ಲಿ ಹಾರಿ ಓಡುವ ಹೋರಿಯ ಕೊಂಬಿಗೆ ಬೀಳುತ್ತದೆ, ಸವಾರ ಎಳೆದ ಕೂಡಲೇ ಬಿಗಿಯುತ್ತದೆ. ನಮ್ಮ ಕಣ್ಣೆಲ್ಲ ಆ ದೊಡ್ಡ ಕುಣಿಕೆಯ ಮೇಲೆ, ಸವಾರನ ಕೈಚಳಕದ ಮೇಲೆ. ಆದರೆ ಕುಣಿಕೆ ಕುಣಿಕೆಯಾಗಿರುವುದೇ ಹಗ್ಗದ ತುದಿಯಲ್ಲಿರುವ ಒಂದು ಪುಟ್ಟ ಕಣ್ಣಿನಿಂದ. ಎರಡು ಬೆರಳು ತೂರುವಷ್ಟು ಅಗಲದ ಆ ಕಣ್ಣಿನೊಳಗೆ ಹಗ್ಗದ ಇನ್ನೊಂದು ತುದಿಯನ್ನು ತೂರಿಸಿ ಎಳೆದರೆ ಲ್ಯಾಸೊ ಸಿದ್ಧ. ಅಮೆರಿಕದ ದನಗಾಹಿಗಳು ಆ ಕಣ್ಣನ್ನು ಹೊಂಡಾ ಎನ್ನುತ್ತಾರೆ. ಕೆಲವು ಕಡೆ ಹೊಂಡೊ ಎಂದೂ ಹೇಳುವುದುಂಟು.

ಈ ಪುಟ್ಟ ಮಾತಿಗೆ ಲ್ಯಾಟಿನ್‌ವರೆಗೂ ಹೋಗುವ ಚರಿತ್ರೆಯಿದೆ. ಅದನ್ನು ಬಿಡಿಸುವ ಮೊದಲು ಹೊಂಡಾ ಮಾಡುವ ಕೆಲಸವನ್ನು ತಿಳಿದುಕೊಳ್ಳಬೇಕು. ಹೆಸರು ಹುಟ್ಟಿದ್ದು ಕೆಲಸದ ನಡುವೆಯೇ.

ಲ್ಯಾಸೊ ಎಸೆಯುವವನ ಬಲಗೈಯಲ್ಲಿ ಕುಣಿಕೆ, ಎಡಗೈಯಲ್ಲಿ ಸುರುಳಿ ಮಾಡಿಕೊಂಡ ಉಳಿದ ಹಗ್ಗ ಮತ್ತು ಲಗಾಮು. ಬಲಗೈ ಕುಣಿಕೆಯನ್ನು ಹಿಡಿದ ಜಾಗದಿಂದ ಹೊಂಡಾದವರೆಗೆ ಹಗ್ಗ ಜೋಡಿ ಎಳೆಯಾಗಿರುತ್ತದೆ: ಒಂದು ಎಳೆ ಕುಣಿಕೆಯದು, ಇನ್ನೊಂದು ಹೊಂಡಾದಿಂದ ಹೊರಬಂದು ಎಡಗೈಗೆ ಹೋಗುವುದು. ಬೀಸುವಾಗ ಹೊಂಡಾ ಕೈಯ ಹತ್ತಿರಕ್ಕೇ ಬಂದುಬಿಟ್ಟರೆ ಕುಣಿಕೆಗೆ ತೂಕದ ಹಿಡಿತ ಸಿಗದೆ ಅದು ಜೋಲುತ್ತದೆ. ತೀರಾ ದೂರ ಹೋದರೆ ಕುಣಿಕೆ ಸಣ್ಣದಾಗುತ್ತದೆ. ಅದಕ್ಕೇ ಪಳಗಿದವರು ಕುಣಿಕೆ ಬಿಡಿಸಿಕೊಳ್ಳುವಾಗಲೇ ಹೊಂಡಾ ಎಲ್ಲಿ ನಿಂತಿದೆ ಎಂದು ಒಮ್ಮೆ ನೋಡಿಕೊಳ್ಳುತ್ತಾರೆ. ಗಂಟು ಹಾಕಿದ ಆ ಜಾಗ ಹಗ್ಗದ ಉಳಿದ ಭಾಗಕ್ಕಿಂತ ಸ್ವಲ್ಪ ಭಾರ. ಬೀಸಿದಾಗ ಆ ಭಾರ ಹೊರಕ್ಕೆ ಜಗ್ಗಿ, ಕುಣಿಕೆಯ ಬಾಯಿ ಮುಚ್ಚದಂತೆ ನೋಡಿಕೊಳ್ಳುತ್ತದೆ.

ಕುಣಿಕೆ ಕೊಂಬಿಗೆ ಬಿದ್ದ ಮೇಲೆ ಹೊಂಡಾದ ಕೆಲಸ ತಲೆಕೆಳಗಾಗುತ್ತದೆ. ಇಷ್ಟು ಹೊತ್ತು ಕುಣಿಕೆಯನ್ನು ಬಿಚ್ಚಿಟ್ಟದ್ದು ಈಗ ಅದನ್ನು ಮುಚ್ಚಬೇಕು. ಸವಾರ ಸಡಿಲ ಹಗ್ಗವನ್ನು ಒಂದೇ ಜಗ್ಗಿಗೆ ಹಿಂದೆ ಸೆಳೆಯುತ್ತಾನೆ, ಹಗ್ಗ ಹೊಂಡಾದೊಳಗೆ ಸರ್ರನೆ ಓಡಿ ಕುಣಿಕೆ ಕುಗ್ಗುತ್ತದೆ. ಇಲ್ಲಿ ಸ್ವಲ್ಪ ತೊಡಕಾದರೂ ಹೋರಿ ತಲೆ ಕೊಡವಿ ಪಾರು. ಬಿಗಿದದ್ದು ಹಿಡಿದು ನಿಲ್ಲಬೇಕು. ಎಳೆತ ನಿಂತು ಹಗ್ಗ ಸಡಿಲವಾದಾಗ ಕುಣಿಕೆಯೂ ಹಿಂದಕ್ಕೆ ಜಾರಿ ಸಡಿಲಾಗಬೇಕು. ದನವನ್ನು ಹಿಡಿಯುವುದು ಗುರುತು ಹಾಕಲೋ ಮದ್ದು ಕೊಡಲೋ. ಕೊರಳು ಹಿಸುಕಿ ಕೊಲ್ಲಲು ಅಲ್ಲ. ನಮ್ಮ ಬಂಡೀಪುರ, ನಾಗರಹೊಳೆ ಅಂಚಿನ ಊರುಗಳಲ್ಲಿ ಹಂದಿಗೆಂದು ಬೈಕಿನ ಬ್ರೇಕ್ ವೈರಿನಿಂದ ಒಡ್ಡುವ ಉರುಲಿಗೂ ಲ್ಯಾಸೊಗೂ ಇರುವ ವ್ಯತ್ಯಾಸ ಇದೇ. ವೈರಿನ ಉರುಲು ಒಂದೇ ದಿಕ್ಕಿಗೆ ಜಾರುತ್ತದೆ. ಸಿಕ್ಕಿಬಿದ್ದ ಚಿರತೆ ಒದ್ದಾಡಿದಷ್ಟೂ ವೈರು ಮೈಯೊಳಗೆ ಇಳಿಯುತ್ತದೆ, ಸುಮ್ಮನೆ ನಿಂತರೂ ಸಡಿಲಾಗುವುದಿಲ್ಲ. ವನ್ಯಜೀವಿ ಕಾಯ್ದೆ ಅದನ್ನು ಅಪರಾಧ ಎಂದಿರುವುದು ಸರಿಯಾಗಿಯೇ ಇದೆ.

ಹೊಂಡಾದಲ್ಲಿ ಹಲವು ಬಗೆ. ಹಗ್ಗದ ತುದಿಯನ್ನೇ ಮಡಿಚಿ ಗಂಟು ಹಾಕಿದ್ದು ಎಲ್ಲಕ್ಕಿಂತ ಸರಳ. ಹುರಿಯ ಎಳೆಗಳನ್ನು ಬಿಚ್ಚಿ ಮತ್ತೆ ಹಗ್ಗದೊಳಕ್ಕೇ ಹೆಣೆದು ಮಾಡಿದ್ದು ಇನ್ನೊಂದು. ಹಿತ್ತಾಳೆಯ ಹೊಂಡಾಗಳೂ ಇವೆ. ಅವುಗಳಲ್ಲಿ ಹಗ್ಗ ನುಣ್ಣಗೆ ಓಡುತ್ತದೆ, ತೂಕವೂ ಹೆಚ್ಚು. ಆದರೆ ವೇಗವಾಗಿ ಬಂದ ಲೋಹ ಕರುವಿನ ಕಣ್ಣಿಗೋ ಸವಾರನ ಮುಖಕ್ಕೋ ತಗುಲಿದರೆ ಗಾಯವಾಗುತ್ತದೆ. ಅಭ್ಯಾಸಕ್ಕೆಂದು ಒಂದು ಮಿತಿ ಮೀರಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಹೊಂಡಾವೂ ಸಿಗುತ್ತದೆ. ರೋಡಿಯೊ ಎಂಬ ಇವತ್ತಿನ ದನಗಾಹಿ ಪಂದ್ಯಗಳಲ್ಲಿ ಕಾಣುವ ನೈಲಾನ್ ಹಗ್ಗಗಳಲ್ಲಿ ಹೆಚ್ಚಾಗಿ ಗಂಟಿನ ಹೊಂಡಾವೇ. ಹಗ್ಗ ಉಜ್ಜಿ ಓಡುವ ಜಾಗಕ್ಕೆ ಮಾತ್ರ ತೊಗಲಿನ ಪಟ್ಟಿ ಹೊಲಿದಿರುತ್ತಾರೆ. ಆ ಪಟ್ಟಿ ಇಲ್ಲದಿದ್ದರೆ ನೈಲಾನ್ ಮೇಲೆ ನೈಲಾನ್ ಉಜ್ಜಿದ ಬಿಸಿಗೆ ಹೊಂಡಾ ಬೇಗನೆ ಸವೆದು ಹೋಗುತ್ತದೆ. ಪಟ್ಟಿ ಸವೆದಾಗ ಬದಲಿಸಿದರಾಯಿತು, ಹಗ್ಗ ಉಳಿಯುತ್ತದೆ.

ನೈಲಾನ್ ಬಂದದ್ದು ಈಚೆಗೆ. ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಅದು ಮೊದಲು ತಯಾರಾದದ್ದು 1935ರಲ್ಲಿ. ಅದಕ್ಕೂ ಮೊದಲು ಮೆಕ್ಸಿಕೊದ ದನಗಾಹಿಗಳು ಕತ್ತಾಳೆ ಜಾತಿಯ ಮಗೆ ಗಿಡದ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಅದಕ್ಕಿಂತ ಪ್ರತಿಷ್ಠೆಯ ಹಗ್ಗವೆಂದರೆ ಹಸಿ ಚರ್ಮದ್ದು. ಒಂದು ಹಸುವಿನ ಚರ್ಮವನ್ನು ಹೊರಗಿನಿಂದ ಒಳಕ್ಕೆ ಸುತ್ತುಸುತ್ತಾಗಿ ಕೊಯ್ಯುತ್ತ ಹೋದರೆ ಮಾರುಗಟ್ಟಲೆ ಉದ್ದದ ಒಂದೇ ದಾರ ಸಿಗುತ್ತದೆ. ಅಂಥ ನಾಲ್ಕು, ಆರು ಅಥವಾ ಎಂಟು ದಾರಗಳನ್ನು ಜಡೆ ಹೆಣೆದು, ಕೊಬ್ಬು ಸವರಿ ಮೆದು ಮಾಡಿ, 60 ಅಡಿ ಮತ್ತು ಅದಕ್ಕೂ ಮೀರಿದ ಹಗ್ಗ ಸಿದ್ಧಪಡಿಸುತ್ತಿದ್ದರು. ಇವತ್ತಿನ ರೋಡಿಯೊ ಹಗ್ಗ ಸುಮಾರು 30 ಅಡಿ ಅಷ್ಟೇ.

ಚರ್ಮದ ಹಗ್ಗಕ್ಕೆ ಒಂದು ದೌರ್ಬಲ್ಯವಿತ್ತು. ಹಠಾತ್ ಜಗ್ಗಿದರೆ ಕಿತ್ತುಹೋಗುತ್ತಿತ್ತು. ಆದ್ದರಿಂದ ಮೆಕ್ಸಿಕೊ ಮತ್ತು ಕ್ಯಾಲಿಫೋರ್ನಿಯಾದ ಸವಾರರು ಹಗ್ಗದ ತುದಿಯನ್ನು ತಡಿಗೆ ಕಟ್ಟುತ್ತಿರಲಿಲ್ಲ. ದನ ಸಿಕ್ಕ ಮೇಲೆ ಕೈಯಲ್ಲಿದ್ದ ಹಗ್ಗವನ್ನು ತಡಿಯ ಮುಂದಿನ ಕೊಂಬಿಗೆ ಎರಡು ಸುತ್ತು ಹಾಕಿ, ಬೇಕಾದಷ್ಟು ಜಾರಲು ಬಿಟ್ಟು ಹೊಡೆತವನ್ನು ಮೆಲ್ಲಗೆ ಹೀರಿಕೊಳ್ಳುತ್ತಿದ್ದರು. ನಾರಿನ ಗಟ್ಟಿ ಹಗ್ಗ ಬಳಸುತ್ತಿದ್ದ ಟೆಕ್ಸಾಸಿನವರು ಹಗ್ಗವನ್ನು ಮೊದಲೇ ತಡಿಗೆ ಬಿಗಿದು ಕಟ್ಟಿಬಿಡುತ್ತಿದ್ದರು. ಸುತ್ತು ಹಾಕುವ ಪದ್ಧತಿಯಲ್ಲಿ ಅಪಾಯವಿರುವುದು ಹೆಬ್ಬೆರಳಿಗೆ. ಹಗ್ಗಕ್ಕೂ ತಡಿಯ ಕೊಂಬಿಗೂ ನಡುವೆ ಸಿಕ್ಕಿದ ಬೆರಳು ತುಂಡಾಗುತ್ತದೆ. ಹಾಗೆ ಹೆಬ್ಬೆರಳು ಕಳೆದುಕೊಂಡವರು ಈ ಕಸುಬಿನಲ್ಲಿ ಇದ್ದಾರೆ. ಹೊಸಬರಿಗೆ ಕಲಿಸುವ ಮೊದಲ ಪಾಠ, ಸುತ್ತುವಾಗ ಹೆಬ್ಬೆರಳು ಮೇಲಕ್ಕಿರಲಿ ಎಂಬುದು. ಹೀಗೆ ಸುತ್ತು ಹಾಕುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ದಾರ್ ಲಾ ವುಏಲ್ತಾ’ ಎನ್ನುತ್ತಾರೆ, ಒಂದು ಸುತ್ತು ಕೊಡು ಎಂದರ್ಥ. ಇಂಗ್ಲಿಷ್ ಬಾಯಲ್ಲಿ ಅದು ‘ಡ್ಯಾಲಿ’ ಆಗಿ ಉಳಿದಿದೆ.

ಹಗ್ಗದ ಮಾತುಗಳ ಚರಿತ್ರೆ ಶುರುವಾಗುವುದು ಇಲ್ಲಿಂದಲೇ. ಸ್ಪೇನಿನವರು ಬರುವ ಹೊತ್ತಿಗೆ ಅಮೆರಿಕ ಖಂಡದಲ್ಲಿ ದನ, ಕುದುರೆ ಎರಡೂ ಇರಲಿಲ್ಲ. 1493ರಲ್ಲಿ ಕೊಲಂಬಸ್‌ನ ಎರಡನೇ ಯಾನದಲ್ಲಿ ಅವು ಕೆರಿಬಿಯನ್ ದ್ವೀಪಗಳಿಗೆ ಬಂದವು, ಮುಂದೆ ಸ್ಪೇನಿನವರ ಜೊತೆ ಮೆಕ್ಸಿಕೊಗೆ. ಅಲ್ಲಿನ ಬಯಲುಗಳಲ್ಲಿ ದನಗಳ ಸಂಖ್ಯೆ ಬೆಳೆದಂತೆ ಕುದುರೆ ಮೇಲೆ ಕೂತು ದನ ಕಾಯುವ ಒಂದು ಕಸುಬೇ ಹುಟ್ಟಿತು. ಆ ಕಸುಬಿನವನು ‘ವಾಕೆರೊ’. ‘ವಾಕಾ’ ಎಂದರೆ ಹಸು. ಇಂಗ್ಲಿಷ್ ಮಾತಾಡುವವರು 19ನೇ ಶತಮಾನದಲ್ಲಿ ಟೆಕ್ಸಾಸಿಗೂ ಕ್ಯಾಲಿಫೋರ್ನಿಯಾಕ್ಕೂ ಬಂದು ಇವರಿಂದ ಕೆಲಸ ಕಲಿತರು. ಕೆಲಸದ ಜೊತೆಗೆ ಮಾತುಗಳನ್ನೂ ಎತ್ತಿಕೊಂಡರು. ಓದಿ ಕಲಿತದ್ದಲ್ಲ, ಧೂಳಿನ ನಡುವೆ ಕಿವಿಗೆ ಬಿದ್ದಂತೆ ಹಿಡಿದದ್ದು. ಹಾಗಾಗಿ ವಾಕೆರೊ ‘ಬಕರೂ’ ಆಯಿತು. ಸ್ಪ್ಯಾನಿಷ್‌ನಲ್ಲಿ ಪದದ ಮೊದಲಿನ ವಕಾರದ ಉಚ್ಚಾರ ಬಕಾರವೇ. ನಮ್ಮಲ್ಲೂ ವಸತಿ ಬಸದಿಯಾಗಿದೆ, ವರ್ಣ ಬಣ್ಣವಾಗಿದೆ. ಮತ್ತೆ ಕಟ್ಟುವ ಹಗ್ಗ ‘ಲಾ ರೆಆತಾ’ ತನ್ನ ಹಿಂದಿನ ‘ಲಾ’ ಉಪಪದವನ್ನೂ ಅಂಟಿಸಿಕೊಂಡು ‘ಲ್ಯಾರಿಯಟ್’ ಆಯಿತು. ‘ಲಾಸೊ’ ಎಂಬ ಕುಣಿಕೆ ಲ್ಯಾಸೊ ಆಯಿತು. ಅದರ ಹಿಂದಿರುವುದು ಲ್ಯಾಟಿನ್ನಿನ ‘ಲಾಕ್ವೆಉಸ್’, ಅಂದರೆ ಉರುಲು. ಶೂ ಕಟ್ಟುವ ಲೇಸು ಕೂಡ ಅದೇ ಬೇರಿನ ಇನ್ನೊಂದು ಚಿಗುರು. ರೋಡಿಯೊ, ರ‍್ಯಾಂಚ್, ಮಸ್ಟಾಂಗ್ ಎಲ್ಲವೂ ಇದೇ ದಾರಿಯಲ್ಲಿ ಬಂದವು.

ಹೊಂಡಾ ಬಂದ ದಾರಿ ಇಷ್ಟು ನೇರವಲ್ಲ, ಅದಕ್ಕೇ ನನಗೆ ಹೆಚ್ಚು ಪ್ರಿಯ. ಸ್ಪ್ಯಾನಿಷ್‌ನಲ್ಲಿ ‘ಹೊಂದೋನ್’ ಎಂಬ ಪದವಿದೆ. ಟೊಳ್ಳಾದ ವಸ್ತುವಿನ ತಳ ಎಂಬುದು ಅದರ ಒಂದು ಅರ್ಥ, ಸೂಜಿಯ ಕಣ್ಣು ಎಂಬುದು ಇನ್ನೊಂದು. ಲ್ಯಾಸೊದ ಕಣ್ಣಿಗೆ ಈ ಪದವೇ ಮೂಲವಿರಬೇಕು ಎಂದು ಇಂಗ್ಲಿಷ್ ನಿಘಂಟುಕಾರರ ಒಲವು. ದಾರ ತೂರುವ ಸೂಜಿಯ ಕಣ್ಣಿನಿಂದ ಹಗ್ಗ ತೂರುವ ಕಣ್ಣಿಗೆ ಅರ್ಥ ಸರಿದದ್ದು ಸಹಜವಾಗಿಯೇ ಇದೆ. ಆದರೆ ಸ್ಪ್ಯಾನಿಷ್‌ನಲ್ಲಿ ‘ಹೊಂದಾ’ ಎಂಬ ಬೇರೆಯೇ ಪದವೂ ಉಂಟು. ಅದರ ಅರ್ಥ ಕವಣೆ. ಕಲ್ಲಿಟ್ಟು ತಲೆಯ ಮೇಲೆ ತಿರುಗಿಸಿ ಬೀಸುವ ಕವಣೆಯೂ ಬೀಸಿ ಎಸೆಯುವ ಲ್ಯಾಸೊವೂ ಒಂದೇ ಬಗೆಯ ತೋಳಿನ ಚಲನೆ. ಹೊಂದೋನ್‌ನ ಬಾಲ ಕಳಚಿ ಹೊಂಡಾ ಎಂದು ನಿಲ್ಲುವುದಕ್ಕೆ ಈ ಕವಣೆಯ ಹೆಸರು ಒತ್ತಾಸೆಯಾಯಿತು ಎಂಬುದು ವಿವರಣೆ. ಒಂದು ಪದದಿಂದ ಅರ್ಥ, ಮತ್ತೊಂದರಿಂದ ರೂಪ.

ಎರಡೂ ಪದಗಳು ಲ್ಯಾಟಿನ್‌ನಲ್ಲಿ ‘ಫ’ಕಾರದಿಂದ ಶುರುವಾಗುತ್ತಿದ್ದವು. ಕವಣೆಗೆ ‘ಫುಂದಾ’, ತಳಕ್ಕೆ ‘ಫುಂದುಸ್’. ಫುಂದುಸ್‌ನಿಂದ ಸ್ಪ್ಯಾನಿಷ್‌ನ ‘ಹೊಂದೊ’ ಬಂತು, ಆಳವಾದ ಎಂದರ್ಥ. ಹೊಂದೋನ್ ಅದರ ಮಗು. ಫಕಾರ ಹಕಾರವಾಗುವುದು ಸ್ಪ್ಯಾನಿಷ್‌ನ ದೊಡ್ಡ ಗುರುತು. ಹಿಟ್ಟಿಗೆ ಲ್ಯಾಟಿನ್‌ನಲ್ಲಿ ‘ಫಾರಿನಾ’, ಸ್ಪ್ಯಾನಿಷ್‌ನಲ್ಲಿ ‘ಹಾರಿನಾ’. ಕಬ್ಬಿಣಕ್ಕೆ ಅಲ್ಲಿ ‘ಫೆರ್‍ರುಮ್’, ಇಲ್ಲಿ ‘ಹಿಏರ್‍ರೊ’. ಈ ಹಕಾರವೂ ಕೆಲವು ಶತಮಾನಗಳ ಬಳಿಕ ಬಾಯಿಂದ ಜಾರಿಹೋಯಿತು. ಬರೆಯುವಾಗ ಅದು ಇದೆ, ಓದುವಾಗ ‘ಆರಿನಾ’, ‘ಒಂದೊ’ ಅಷ್ಟೇ. ಸ್ಪೇನಿನ ದಕ್ಷಿಣದ ಆಂದಲೂಸಿಯಾದಲ್ಲಿ ಹಕಾರ ಬಹಳ ಕಾಲ ಉಳಿದಿತ್ತು. ಫ್ಲಮೆಂಕೊ ಸಂಗೀತದ ಅತಿ ಗಂಭೀರ ಹಾಡುಗಾರಿಕೆಯನ್ನು ‘ಕಾಂತೆ ಹೊಂದೊ’ ಎನ್ನುವಾಗ ಇಂದಿಗೂ ಆ ಹಕಾರ ಗಟ್ಟಿಯಾಗಿ ಕೇಳಿಸುತ್ತದೆ. ಆಳದ ಹಾಡು ಎಂದು ಅದರ ಅರ್ಥ. ಅಮೆರಿಕದ ದನಗಾಹಿಯ ಬಾಯಲ್ಲೂ ಹೊಂಡಾದ ಹಕಾರ ಜೀವಂತವಾಗಿದೆ.

ಕನ್ನಡದವರಿಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ. ನಮ್ಮ ಪಕಾರವೂ ಹೀಗೆಯೇ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು. ಹಗ್ಗವೂ ಈ ಸಾಲಿಗೇ ಸೇರುತ್ತದೆ. ಹಳಗನ್ನಡದಲ್ಲಿ ಅದು ಪಗ್ಗ. ತೆಲುಗಿನಲ್ಲಿ ಇಂದಿಗೂ ಪಗ್ಗಂ. ಸ್ಪ್ಯಾನಿಷ್ ನಡೆದ ಮುಂದಿನ ಹೆಜ್ಜೆಯನ್ನೂ ನಮ್ಮಲ್ಲಿ ಕೇಳಬಹುದು. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಹಸು ‘ಅಸ’, ಹಾಲು ‘ಆಲು’, ಹಗ್ಗ ‘ಅಗ್ಗ’. ಪಗ್ಗ, ಹಗ್ಗ, ಅಗ್ಗ ಎಂಬ ಮೂರು ಮೆಟ್ಟಿಲು ಲ್ಯಾಟಿನ್ನಿಂದ ಇಂದಿನ ಸ್ಪ್ಯಾನಿಷ್‌ವರೆಗಿನ ಮೂರು ಮೆಟ್ಟಿಲಿನ ಪಕ್ಕದಲ್ಲಿ ನಿಲ್ಲುತ್ತವೆ. ಹಕಾರ ಬಿಟ್ಟು ಮಾತಾಡುವವರನ್ನು ತಪ್ಪು ಕನ್ನಡದವರೆಂದು ತಿದ್ದಲು ಹೋಗುವವರು ಇದನ್ನು ಗಮನಿಸಬೇಕು. ಒಂದು ಇಡೀ ದೇಶದ ಶಿಷ್ಟ ಭಾಷೆ ಅದೇ ಹಾದಿಯಲ್ಲಿ ನಡೆದಿದೆ.

ಲ್ಯಾಟಿನ್ ಫುಂದುಸ್‌ಗೆ ನಮ್ಮ ಕಡೆ ಇನ್ನೊಬ್ಬ ನೆಂಟನಿದ್ದಾನೆ. ಸಂಸ್ಕೃತದ ‘ಬುಧ್ನ’ ಎಂದರೂ ತಳವೇ. ಎರಡೂ ಇಂಡೋ-ಯುರೋಪಿಯನ್ ಮೂಲದ ಒಂದೇ ಪದದಿಂದ ಬಂದವು. ಪಂಚಾಂಗ ನೋಡುವವರಿಗೆ ಉತ್ತರಾಭಾದ್ರೆಯ ಅಧಿದೇವತೆ ಅಹಿರ್ಬುಧ್ನ್ಯ ಗೊತ್ತು: ಆಳದ ತಳದಲ್ಲಿರುವ ಸರ್ಪ. ಆ ಹೆಸರಿನ ಬುಧ್ನಕ್ಕೂ ಟೆಕ್ಸಾಸಿನ ಹಗ್ಗದ ಹೊಂಡಾಕ್ಕೂ ದೂರದ ರಕ್ತಸಂಬಂಧ.

ಆದರೆ ಕೇಳಿದ್ದೆಲ್ಲ ಸಂಬಂಧವಲ್ಲ. ಕನ್ನಡದ ಕಿವಿಗೆ ಹೊಂಡಾ ಎಂದೊಡನೆ ನೆನಪಾಗುವುದು ನೀರು ನಿಂತ ಹೊಂಡ. ಸ್ಪ್ಯಾನಿಷ್‌ನ ಹೊಂದೊ ಎಂದರೆ ಆಳವಾದದ್ದು, ನಮ್ಮ ಹೊಂಡವೂ ಆಳವಾದದ್ದೇ. ದನಿಯೂ ಅರ್ಥವೂ ಎರಡೂ ಕೂಡಿಬಂದರೂ ಇವುಗಳ ನಡುವೆ ನಂಟಿಲ್ಲ. ಸ್ಪ್ಯಾನಿಷ್ ಪದ ಹಿಂದಕ್ಕೆ ಹೋದಂತೆ ‘ಫ’ಕಾರದ ಫುಂದುಸ್ ಆಗುತ್ತದೆ, ಅದಕ್ಕೂ ಹಿಂದೆ ‘ಭ’ಕಾರದ ರೂಪವನ್ನು ಪಡೆಯುತ್ತದೆ, ಹೊಂಡದ ದಾರಿಯೇ ಬೇರೆ. ಎರಡು ಪದಗಳು ಇಂದು ಒಂದೇ ಥರ ಕೇಳಿಸುತ್ತವೆ ಎಂಬುದಕ್ಕಿಂತ ಅವು ಹಿಂದೆ ಹೇಗಿದ್ದವು ಎಂಬುದೇ ನಂಟಸ್ತಿಕೆಯ ಸಾಕ್ಷಿ. ನಮ್ಮ ರಸ್ತೆಗಳಲ್ಲಿ ಓಡುವ ಹೊಂಡಾ ಬೈಕಿನ ಹೆಸರಂತೂ ಜಪಾನಿನ ಒಂದು ಮನೆತನದ್ದು, ಕಂಪನಿ ಕಟ್ಟಿದ ಸೊಯಿಚಿರೊ ಹೊಂಡಾ ಅವರದು. ಅದನ್ನು ಬರೆಯುವ ಎರಡು ಅಕ್ಷರಗಳಲ್ಲಿ ಒಂದಕ್ಕೆ ಮೂಲ, ಇನ್ನೊಂದಕ್ಕೆ ಗದ್ದೆ ಎಂಬ ಅರ್ಥ.

ಕುಣಿಕೆ ಎಸೆದು ಹಿಡಿಯುವ ವಿದ್ಯೆ ಮೆಕ್ಸಿಕೊದವರಿಗಿಂತ ಬಹಳ ಹಳೆಯದು. ಈಜಿಪ್ಟಿನ ಅಬಿಡೋಸ್‌ನಲ್ಲಿ, ಮೊದಲನೇ ಸೇತಿಯ ದೇವಾಲಯದ ಗೋಡೆಯ ಮೇಲೆ ಎರಡನೇ ರಾಮ್ಸೆಸ್ ಗೂಳಿಗೆ ಕುಣಿಕೆ ಹಾಕುವ ಉಬ್ಬುಚಿತ್ರವಿದೆ. ಪರ್ಷಿಯಾದ ದೊರೆ ಕ್ಸೆರ್ಕ್ಸಿಸ್ ಗ್ರೀಸಿನ ಮೇಲೆ ದಂಡೆತ್ತಿ ಹೋದಾಗ ಅವನ ಸೇನೆಯಲ್ಲಿ ಸಗಾರ್ಟಿಯನ್ ಎಂಬ ಅಲೆಮಾರಿ ಜನರ 8,000 ಸವಾರರಿದ್ದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆಯುತ್ತಾನೆ. ಕಠಾರಿ ಬಿಟ್ಟರೆ ಅವರ ಆಯುಧ ಹೆಣೆದ ತೊಗಲಿನ ಹಗ್ಗ ಮಾತ್ರ. ತುದಿಯ ಕುಣಿಕೆಯನ್ನು ಕುದುರೆಗೋ ಮನುಷ್ಯನಿಗೋ ಎಸೆದು ತಮ್ಮತ್ತ ಎಳೆದುಕೊಳ್ಳುತ್ತಿದ್ದರು. ಯುರೋಪಿನ ಉತ್ತರ ತುದಿಯ ಸಾಮಿ ಜನ ಇಂದಿಗೂ ಹಿಮಸಾರಂಗಗಳನ್ನು ಲ್ಯಾಸೊ ಎಸೆದೇ ಹಿಡಿಯುತ್ತಾರೆ. ಅವರ ಹಗ್ಗದ ಕಣ್ಣನ್ನು ಸಾರಂಗದ ಕೊಂಬಿನಿಂದಲೇ ಕೊರೆದು ಮಾಡುವುದು ಸಂಪ್ರದಾಯ. ಹಿಮದಲ್ಲಿ ನೆನೆದ ಹಗ್ಗ ಹೆಪ್ಪುಗಟ್ಟಿ ಗಂಟಿಗೆ ಕಚ್ಚಿಕೊಳ್ಳುವ ಆ ನಾಡಿನಲ್ಲಿ ನುಣುಪಾದ ಕೊಂಬಿನ ಕಣ್ಣಿಗೆ ಬೆಲೆಯಿದೆ.

ದನ ಹಿಡಿಯುವ ಹಗ್ಗ ಆಟದ ಹಗ್ಗವೂ ಆಯಿತು. ಮೆಕ್ಸಿಕೊದ ವಿಸೆಂತೆ ಒರೊಪೆಸಾ ಬಫಲೋ ಬಿಲ್‌ನ ಪ್ರದರ್ಶನ ತಂಡದಲ್ಲಿ ಹಗ್ಗದಾಟ ತೋರಿಸಿ ಹೆಸರಾದವರು. 1893ರಲ್ಲಿ ಷಿಕಾಗೋದಲ್ಲಿ ಅವರನ್ನು ಕಂಡ ಹುಡುಗ ವಿಲ್ ರೋಜರ್ಸ್ ಮುಂದೆ ಅಮೆರಿಕದ ರಂಗಭೂಮಿ, ಸಿನಿಮಾಗಳ ದೊಡ್ಡ ತಾರೆಯಾದರು. ಚೆರೋಕಿ ಮನೆತನದ ರೋಜರ್ಸ್ 1922ರಲ್ಲಿ ತೆಗೆದ ‘ದ ರೋಪಿನ್ ಫೂಲ್’ ಚಿತ್ರದಲ್ಲಿ ಅವರ ಹಗ್ಗದ ಕೈಚಳಕವೆಲ್ಲ ದಾಖಲಾಗಿದೆ. ನೆಲಕ್ಕೆ ಸಮನಾಗಿ ತಿರುಗುತ್ತಲೇ ಇರುವ ಚಪ್ಪಟೆ ಕುಣಿಕೆ ಈ ಆಟದ ಮೊದಲ ಪಟ್ಟು. ಅದು ಹೇಗೆ ಬೀಳದೆ ನಿಲ್ಲುತ್ತದೆ ಎಂಬುದನ್ನು ಪಿಯರ್-ತೋಮಾ ಬ್ರುನ್ ಮತ್ತು ಸಂಗಡಿಗರು 2014ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೊಂಡಾ ಮತ್ತು ಹಗ್ಗದ ನಡುವಿನ ಘರ್ಷಣೆ ಅಲ್ಲಿ ಮುಖ್ಯ ಪಾತ್ರಧಾರಿ. ಜಾರಲೆಂದೇ ಮಾಡಿದ ಕಣ್ಣು ಆಟದಲ್ಲಿ ಜಾರದೆ ಹಿಡಿದುಕೊಂಡಿರಬೇಕು. ಇಲ್ಲವಾದರೆ ಕುಣಿಕೆಯ ಅಳತೆ ನಿಲ್ಲುವುದಿಲ್ಲ. ಜೊತೆಗೆ ಪ್ರತಿ ಸುತ್ತಿಗೂ ಹಗ್ಗಕ್ಕೆ ಒಂದು ಹುರಿ ಏರುತ್ತದೆ. ಆಟಗಾರ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಗ್ಗವನ್ನು ಹೊರಳಿಸುತ್ತ ಆ ಹುರಿಯನ್ನು ಕ್ಷಣಕ್ಷಣವೂ ಬಿಚ್ಚುತ್ತಿರುತ್ತಾನೆ. ನೋಡುವವರಿಗೆ ಮಣಿಕಟ್ಟು ಕಾಣುತ್ತದೆ, ಕಷ್ಟವೆಲ್ಲ ಬೆರಳಿನಲ್ಲಿದೆ.

ನಮ್ಮಲ್ಲಿ ಎಸೆದು ದನ ಹಿಡಿಯುವ ಪದ್ಧತಿ ಬೆಳೆಯಲಿಲ್ಲ, ಬೇಕೂ ಇರಲಿಲ್ಲ. ಮನೆಯ ದನ ಹೆಸರು ಕರೆದರೆ ಬರುತ್ತದೆ. ಆದರೂ ಜಾರುವ ಕುಣಿಕೆಗೆ ಕನ್ನಡದಲ್ಲಿ ಚೊಕ್ಕ ಪದವಿದೆ: ಜೀರುಗುಣಿಕೆ. ಕರುವಿನ ಕೊರಳಿಗೆ ಕಟ್ಟುವ ಗಿಡ್ಡ ಹಗ್ಗಕ್ಕೆ ಕಣ್ಣಿ ಎನ್ನುತ್ತೇವೆ. ಗಣಪತಿಯ ಕೈಯಲ್ಲಿ, ವರುಣನ ಕೈಯಲ್ಲಿ, ಯಮನ ಕೈಯಲ್ಲಿ ಇರುವ ಪಾಶವೂ ಕುಣಿಕೆಯ ಹಗ್ಗವೇ.

ಹೊಂಡಾ ಗಂಟು ಹಾಕುವುದು ಕಷ್ಟವಲ್ಲ. ಬಿಲ್ಲಿನ ಹೆದೆಯ ತುದಿಗೂ ಇದೇ ಗಂಟು ಹಾಕುತ್ತಿದ್ದುದರಿಂದ ಇದಕ್ಕೆ ಹೆದೆಗಂಟು ಎಂಬರ್ಥದ ಹೆಸರೂ ಇಂಗ್ಲಿಷ್‌ನಲ್ಲಿದೆ. ಹತ್ತಡಿಯ ಸ್ವಲ್ಪ ಬಿರುಸಾದ ಹಗ್ಗ ತೆಗೆದುಕೊಳ್ಳಿ. ತುದಿಯಲ್ಲಿ ಒಂದು ಸಾದಾ ಗಂಟು ಹಾಕಿ ಬಿಗಿದುಬಿಡಿ, ಇದು ತಡೆಗಂಟು. ಅಲ್ಲಿಂದ ಸುಮಾರು ಒಂದು ಅಡಿ ಒಳಗೆ ಇನ್ನೊಂದು ಸಾದಾ ಗಂಟು ಹಾಕಿ, ಆದರೆ ಬಿಗಿಯಬೇಡಿ, ಸಡಿಲವಾಗಿಯೇ ಇರಲಿ. ಈಗ ತಡೆಗಂಟಿನ ತುದಿಯನ್ನು ಹಿಂದಕ್ಕೆ ಬಾಗಿಸಿ ಆ ಸಡಿಲ ಗಂಟಿನ ಹೊಟ್ಟೆಯೊಳಗೆ ತೂರಿಸಿ ಹೊರಗೆ ತನ್ನಿ. ನಡುವೆ ಒಂದು ಸಣ್ಣ ಕಣ್ಣು ಉಳಿಯುತ್ತದೆ. ಅದು ಎರಡು ಬೆರಳಿನಷ್ಟು ಅಗಲವಿರುವಂತೆ ಹಿಡಿದು, ಸಡಿಲ ಗಂಟನ್ನು ಬಿಗಿಯುತ್ತ ಬನ್ನಿ. ತಡೆಗಂಟು ಬಂದು ಅದಕ್ಕೆ ಒತ್ತಿ ನಿಂತರೆ ಕಣ್ಣು ಇನ್ನು ದೊಡ್ಡದಾಗದು. ಹಗ್ಗದ ಇನ್ನೊಂದು ತುದಿಯನ್ನು ಆ ಕಣ್ಣಿನೊಳಗೆ ಹಾಯಿಸಿದರೆ ಲ್ಯಾಸೊ. ಕುಣಿಕೆಯನ್ನು ಹಿಗ್ಗಿಸಿ, ಎಳೆದು, ಬಿಟ್ಟು ನೋಡಿ. ಬಿಟ್ಟಾಗ ತಾನಾಗಿ ಸಡಿಲಾಗದಿದ್ದರೆ ಕಣ್ಣು ಕಿರಿದಾಗಿದೆ ಅಥವಾ ಹಗ್ಗ ತೀರಾ ಮೆತ್ತಗಿದೆ ಎಂದು ತಿಳಿಯಿರಿ.

ಸೌದೆ ಹೊರೆ ಕಟ್ಟಲು, ಹುಲ್ಲಿನ ಕಂತೆ ಬಿಗಿಯಲು, ಎತ್ತರದ ಕೊಂಬೆ ಎಳೆದು ಬಾಗಿಸಲು ಇದು ಒಳ್ಳೆಯ ಗಂಟು. ಮಕ್ಕಳು ಎಸೆದು ಆಡಬೇಕೆಂದರೆ ನೆಟ್ಟ ಗೂಟಕ್ಕೆ ಎಸೆಯಲಿ, ಒಬ್ಬರ ಮೇಲೊಬ್ಬರು ಬೇಡ. ದನದ ಕೊರಳಿಗೆ ಇದನ್ನು ಹಾಕಿ ಗೂಟಕ್ಕೆ ಕಟ್ಟಿಹೋಗಲೂ ಬಾರದು. ಎಳೆದಷ್ಟೂ ಬಿಗಿಯುವ ಕುಣಿಕೆಯ ಇನ್ನೊಂದು ತುದಿಯಲ್ಲಿ ಸಡಿಲಿಸಲು ಯಾವಾಗಲೂ ಒಬ್ಬರ ಕೈ ಇರಬೇಕು.